ಪ್ರಾಸ್ಟೇಟ್ ಕ್ಯಾನ್ಸರಿನ ಜೀನ್ ಪರೀಕ್ಷೆ: ಚೀಟಿಯಿಂದ ವರದಿಯವರೆಗೆ

ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿದೆ ಎಂದು ಗೊತ್ತಾದ ಮೇಲೆ ಜೀನ್ ಪರೀಕ್ಷೆಗೆ ಚೀಟಿ ಬರೆಯುವುದು ಈಗ ರೂಢಿಗೆ ಬಂದಿದೆ. ಆ ಚೀಟಿಯಲ್ಲಿ ಎಷ್ಟೋ ಸಲ ಎರಡೇ ಪದ ಇರುತ್ತವೆ: ‘ಬಿಆರ್‌ಸಿಎ ಟೆಸ್ಟ್’. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬುವು ಡಿಎನ್‌ಎ ರಿಪೇರಿ ಮಾಡುವ ಜೀನ್‌ಗಳು. ಅವನ್ನು ರಕ್ತದಲ್ಲಿ ನೋಡಬೇಕೋ, ಗಡ್ಡೆಯಲ್ಲಿ ನೋಡಬೇಕೋ ಬರೆದಿರುವುದಿಲ್ಲ. ಬಂದವರು ರಕ್ತ ಕೊಟ್ಟು ಹೋಗುತ್ತಾರೆ. ಮೂರ್ನಾಲ್ಕು ವಾರಕ್ಕೆ ‘ಏನೂ ಸಿಗಲಿಲ್ಲ’ ಎಂಬ ವರದಿ ಕೈಸೇರುತ್ತದೆ. ಅಲ್ಲಿಗೆ ಮನೆಯವರೂ, ಕೆಲವೊಮ್ಮೆ ವೈದ್ಯರೂ, ಗಡ್ಡೆಯಲ್ಲೂ ಏನೂ ಇಲ್ಲವೆಂದೇ ತಿಳಿದುಬಿಡುತ್ತಾರೆ.

ಇಲ್ಲಿರುವ ಪ್ರಶ್ನೆಗಳು ಎರಡು. ಹುಟ್ಟಿನಿಂದಲೇ ಮೈಯ ಎಲ್ಲ ಕೋಶಗಳಲ್ಲೂ ಇರುವ ದೋಷ ಇದೆಯೇ? ಇದನ್ನು ರಕ್ತ ಅಥವಾ ಜೊಲ್ಲು ಹೇಳುತ್ತದೆ. ಬರೀ ಗಡ್ಡೆಯಲ್ಲಿ, ಬದುಕಿನ ನಡುವೆ ಹುಟ್ಟಿಕೊಂಡ ದೋಷ ಇದೆಯೇ? ಇದನ್ನು ಗಡ್ಡೆಯ ಚೂರೇ ಹೇಳಬೇಕು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕ್ಯಾನ್ಸರ್ ಬೇರೆಡೆಗೆ ಹಬ್ಬಿದ್ದ 692 ಗಂಡಸರ ಪೈಕಿ 11.8 ಶೇಕಡಾ ಮಂದಿಯಲ್ಲಿ ಡಿಎನ್‌ಎ ರಿಪೇರಿ ಜೀನ್‌ಗಳ ದೋಷ ಹುಟ್ಟಿನಿಂದ ಬಂದಿತ್ತು. ಬಿಆರ್‌ಸಿಎ2 ಒಂದರದ್ದೇ 5.3 ಶೇಕಡಾ. ಅದರ ಹಿಂದಿನ ವರ್ಷ 150 ಮಂದಿಯ ಹಬ್ಬಿದ ಗಡ್ಡೆಯನ್ನೇ ಓದಿದಾಗ ಸುಮಾರು 23 ಶೇಕಡಾದಲ್ಲಿ ರಿಪೇರಿ ಜೀನ್ ಕೆಟ್ಟಿರುವುದು ಕಂಡಿತು. ರಕ್ತವನ್ನಷ್ಟೇ ನೋಡಿ ಕೈತೊಳೆದುಕೊಂಡರೆ ಹೆಚ್ಚುಕಡಿಮೆ ಅರ್ಧ ತಪ್ಪಿಹೋಗುತ್ತದೆ. ಆದ್ದರಿಂದ ಹಬ್ಬಿದ ಕಾಯಿಲೆಯಲ್ಲಿ ನಾವು ಎರಡನ್ನೂ ಕೇಳುತ್ತೇವೆ. ಒಂದನ್ನೇ ಮಾಡಿಸಲು ಆಗುವುದಾದರೆ ಗಡ್ಡೆ ಮೊದಲು. ಅಲ್ಲಿ ಏನಾದರೂ ಕಂಡರೆ ರಕ್ತ ಕಡ್ಡಾಯ.

ಮಾದರಿ ತೆಗೆಯುವ ಮೊದಲು ಮನೆತನದ ನಕ್ಷೆ. ಮೂರು ತಲೆಮಾರು ಬರೆಯಬೇಕು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ನಮೂದಿಸಬೇಕು. ಕನ್ನಡದಲ್ಲಿ ಈ ಕೆಲಸಕ್ಕೆ ಅದರದೇ ತೊಡಕು. ‘ನಮ್ಮ ದೊಡ್ಡಪ್ಪನಿಗೂ ಇದೇ ಇತ್ತು’ ಎಂದರೆ ಅವರು ತಂದೆಯ ಒಡಹುಟ್ಟಿದ ಅಣ್ಣನಿರಬಹುದು, ತಂದೆಯ ಚಿಕ್ಕಪ್ಪನ ಮಗನಿರಬಹುದು, ತಾಯಿಯ ಅಕ್ಕನ ಗಂಡನೂ ಇರಬಹುದು. ಕೊನೆಯವರಿಗೆ ರಕ್ತ ಸಂಬಂಧವೇ ಇಲ್ಲ. ಅವರನ್ನು ಸೇರಿಸಿದರೆ ನಕ್ಷೆ ದಾರಿ ತಪ್ಪುತ್ತದೆ. ‘ನಿಮ್ಮ ತಂದೆಯ ಸ್ವಂತ ಅಣ್ಣನಾ, ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದವರಾ?’ ಎಂದು ಬಿಡಿಸಿ ಕೇಳಲೇಬೇಕು. ಅಣ್ಣ, ಅಕ್ಕ, ಅಜ್ಜಿ ಎಲ್ಲದಕ್ಕೂ ಇದೇ ಪಾಠ.

ಕಾಯಿಲೆಯ ಹೆಸರೂ ಮನೆಮಾತಿನಲ್ಲಿ ಬೇರೆಯಾಗಿರುತ್ತದೆ. ‘ಅಜ್ಜಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ನೀರು ತುಂಬಿತ್ತು’ ಎಂಬುದು ಅಂಡಾಶಯದ ಕ್ಯಾನ್ಸರ್ ಆಗಿರಬಹುದು. ‘ಮಾವನಿಗೆ ಕಾಮಾಲೆ ಏರಿ ತಿಂಗಳೊಳಗೆ ಹೋದರು’ ಎಂದಾಗ ಮೇದೋಜೀರಕ ಗ್ರಂಥಿಯ ಕಡೆಗೂ ಒಂದು ಪ್ರಶ್ನೆ ಹಾಕುತ್ತೇವೆ. ಬಿಆರ್‌ಸಿಎ2 ಮನೆಯಲ್ಲಿ ಸ್ತನ, ಅಂಡಾಶಯ, ಮೇದೋಜೀರಕ, ಪ್ರಾಸ್ಟೇಟ್ ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡಿರುತ್ತವೆ. ‘ಗಂಡಸರಿಗೆ ಯಾರಿಗಾದರೂ ಇತ್ತಾ?’ ಎಂದಷ್ಟೇ ಕೇಳಿದರೆ ಅರ್ಧ ಮನೆ ಕತ್ತಲಲ್ಲಿ ಉಳಿಯುತ್ತದೆ. ಸೋದರಮಾವನಿಗೆ ಕೊಟ್ಟ ಮದುವೆ ಇದ್ದರೆ ನಕ್ಷೆಯಲ್ಲಿ ಜೋಡಿಗೆರೆ ಎಳೆಯಬೇಕು. ಗಂಡ ಹೆಂಡತಿ ಇಬ್ಬರೂ ಅದೇ ಬಿಆರ್‌ಸಿಎ2 ದೋಷ ಹೊತ್ತಿದ್ದರೆ ಮಗುವಿಗೆ ಎರಡೂ ಕಡೆಯಿಂದ ಬಂದು ಫ್ಯಾಂಕೋನಿ ಅನೀಮಿಯಾ ಎಂಬ ಭಾರೀ ಕಾಯಿಲೆ ಆಗುವ ಸಾಧ್ಯತೆ ಉಂಟು. ಹಳೆ ಮೈಸೂರು ಕಡೆಯ ನಕ್ಷೆಗಳಲ್ಲಿ ಈ ಜೋಡಿಗೆರೆ ಅಪರೂಪವಲ್ಲ.

ರಕ್ತದ ಭಾಗ ಸುಲಭ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 3ರಿಂದ 5 ಮಿಲಿಲೀಟರ್ ಸಾಕು, ಉಪವಾಸ ಬೇಕಿಲ್ಲ. ಜೊಲ್ಲು ಕೊಡುವುದಾದರೆ ಅರ್ಧ ಗಂಟೆ ಮುಂಚಿನಿಂದ ಎಲೆ ಅಡಿಕೆ, ಕಾಫಿ, ಬೀಡಿ ಯಾವುದೂ ಬೇಡ. ಬೇರೆಯವರ ಅಸ್ಥಿಮಜ್ಜೆ ಕಸಿ ಆಗಿದ್ದರೆ ಮೊದಲೇ ಹೇಳಬೇಕು. ಆ ರಕ್ತ ಓದಿದರೆ ಸಿಗುವುದು ದಾನಿಯ ಜೀನ್. ಅಂಥವರಿಗೆ ಚರ್ಮದ ಚೂರು ಬೆಳೆಸಿ ನೋಡಬೇಕಾಗುತ್ತದೆ.

ಕಷ್ಟ ಇರುವುದು ಬ್ಲಾಕಿನಲ್ಲಿ. ಬಯಾಪ್ಸಿಯ ತುಣುಕನ್ನು ಫಾರ್ಮಲಿನ್‌ನಲ್ಲಿ ನೆನೆಸಿ ಮೇಣದಲ್ಲಿ ಕೂರಿಸಿಟ್ಟ ಚಿಕ್ಕ ಚೌಕ ಇದು. ಪ್ರಾಸ್ಟೇಟಿನಿಂದ ಸಾಮಾನ್ಯವಾಗಿ 18 ಗೇಜ್ ಸೂಜಿಯಲ್ಲಿ 12 ತುಣುಕು ತೆಗೆಯುತ್ತಾರೆ. ಒಂದೊಂದೂ ಒಂದೂವರೆ ಸೆಂಟಿಮೀಟರ್ ಆಸುಪಾಸು ಉದ್ದ, ಒಂದು ಮಿಲಿಮೀಟರಿಗಿಂತ ಸಪೂರ. ಶ್ಯಾವಿಗೆ ಎಳೆಯೇ ಸರಿ. ಅದರಲ್ಲೂ ಕ್ಯಾನ್ಸರ್ ಇರುವುದು ಒಂದು ಭಾಗದಲ್ಲಿ ಮಾತ್ರ. ಅಷ್ಟರಿಂದಲೇ ಮೊದಲು ರೋಗ ಖಚಿತವಾಗಬೇಕು, ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಅಂಕ ಕೊಡಬೇಕು, ಅನುಮಾನವಿದ್ದರೆ ವಿಶೇಷ ಬಣ್ಣದ ಪರೀಕ್ಷೆ ಆಗಬೇಕು. ಇಷ್ಟೆಲ್ಲ ಮುಗಿದು ಉಳಿದ ಪುಡಿ ಜೀನ್ ಲ್ಯಾಬಿಗೆ ಬರುತ್ತದೆ.

ಇಲ್ಲಿ ಹಣ ಖರ್ಚಿಲ್ಲದ ಒಂದು ಉಪಾಯವಿದೆ, ಆದರೂ ಎಷ್ಟೋ ಕಡೆ ಪಾಲಿಸುವುದಿಲ್ಲ. ಬ್ಲಾಕನ್ನು ತೆಳು ಹಾಳೆ ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿಗೆ ಕೂರಿಸಿದಾಗಲೆಲ್ಲ ಮೇಲ್ಮೈ ಸಮ ಮಾಡಲು ಒಂದಷ್ಟನ್ನು ಹೆರೆದು ಬಿಸಾಡಬೇಕಾಗುತ್ತದೆ. ಮೂರು ಸಲ ಕೂರಿಸಿದರೆ ಮೂರು ಸಲ ನಷ್ಟ. ಅದರ ಬದಲು ಮೊದಲ ಸಲ ಕತ್ತರಿಸುವಾಗಲೇ 4 ಅಥವಾ 5 ಮೈಕ್ರಾನಿನ ಹತ್ತು ಹಾಳೆ ಬಣ್ಣ ಹಾಕದೆ ತೆಗೆದಿಟ್ಟುಬಿಟ್ಟರೆ ಕೆಲಸ ಮುಗಿಯಿತು. ಮೊದಲ ಮತ್ತು ಕೊನೆಯ ಹಾಳೆಗಷ್ಟೇ ಬಣ್ಣ ಹಾಕಿ ನೋಡಬೇಕು. ಕೆಳಕ್ಕೆ ಇಳಿದಂತೆ ಕ್ಯಾನ್ಸರ್ ಖಾಲಿಯಾಗಿದೆಯೇ ಎಂದು ಅದರಿಂದ ಗೊತ್ತಾಗುತ್ತದೆ.

ಯಾವ ಬ್ಲಾಕ್ ಎಂಬುದೂ ಮುಖ್ಯ. ಪ್ರಾಸ್ಟೇಟಿನಲ್ಲಿ ಒಂದೇ ಸಲಕ್ಕೆ ಎರಡು ಮೂರು ಕಡೆ ಬೇರೆ ಬೇರೆ ಗಡ್ಡೆ ಹುಟ್ಟಿರಬಹುದು, ಒಂದರ ಜೀನ್ ದೋಷಕ್ಕೂ ಇನ್ನೊಂದರದ್ದಕ್ಕೂ ನಂಟೇ ಇಲ್ಲದಿರಬಹುದು. ಗ್ಲೀಸನ್ ಅಂಕ ಹೆಚ್ಚಿರುವ ತುಣುಕನ್ನೇ ಆರಿಸಬೇಕು. ಬಣ್ಣದ ಹಾಳೆಯ ಮೇಲೆ ಪೆಥಾಲಜಿಸ್ಟ್ ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ, ತಾಂತ್ರಿಕ ಸಿಬ್ಬಂದಿ ಬಣ್ಣವಿಲ್ಲದ ಹಾಳೆಯ ಅದೇ ಜಾಗವನ್ನು ಬ್ಲೇಡಿನಿಂದ ಕೆರೆದುಕೊಳ್ಳುತ್ತಾರೆ. ಒಬ್ಬರದ್ದು ಮುಗಿದು ಇನ್ನೊಬ್ಬರದ್ದಕ್ಕೆ ಹೋಗುವಾಗ ಹೊಸ ಬ್ಲೇಡ್. ಕೆರೆದದ್ದರಲ್ಲಿ ಕನಿಷ್ಠ 20 ಶೇಕಡಾ ಕ್ಯಾನ್ಸರ್ ಕೋಶ ಇರಬೇಕು ಎನ್ನುವುದು ಸುಮ್ಮನೆ ಹಾಕಿದ ನಿಯಮವಲ್ಲ. ಗಡ್ಡೆಯ ಕೋಶಗಳಲ್ಲಿ ಬಿಆರ್‌ಸಿಎ2ನ ಎರಡೂ ಪ್ರತಿ ಪೂರ್ತಿ ಹೋಗಿವೆ ಎಂದುಕೊಳ್ಳಿ. ಮಾದರಿಯಲ್ಲಿ ಕ್ಯಾನ್ಸರ್ 20 ಶೇಕಡಾ ಇದ್ದರೆ, 100 ಸಲ ಓದಬೇಕಾದ ಜಾಗ 80 ಸಲ ಓದಿದಂತೆ ಕಾಣುತ್ತದೆ, ಅಷ್ಟೆ. ಹಳೆಯ ಬ್ಲಾಕಿನ ಗದ್ದಲದಲ್ಲಿ ಆ ಇಳಿತವೇ ಮುಳುಗಿಹೋಗಬಹುದು; ಕ್ಯಾನ್ಸರ್ ಅದಕ್ಕೂ ಕಡಿಮೆಯಿದ್ದರೆ ಕೇಳುವುದೇ ಬೇಡ. ಇಡೀ ಜೀನ್ ಮಾಯವಾಗಿದ್ದರೂ ವರದಿ ‘ಇಲ್ಲ’ ಎನ್ನುತ್ತದೆ.

ಫಾರ್ಮಲಿನ್ ಕೂಡ ಹಾಗೆಯೇ ಕೈಕೊಡುತ್ತದೆ. 10 ಶೇಕಡಾದ, ಆಮ್ಲತೆ ಸಮತೋಲನ ಮಾಡಿದ ಫಾರ್ಮಲಿನ್ ಬೇಕು. ನೆನೆ 6 ಗಂಟೆಗಿಂತ ಕಡಿಮೆಯಾಗಬಾರದು, 72 ಗಂಟೆ ಮೀರಬಾರದು. ಶನಿವಾರ ಮಧ್ಯಾಹ್ನದ ಬಯಾಪ್ಸಿ, ಅದರ ಬೆನ್ನಿಗೆ ಹಬ್ಬದ ರಜೆ, ಬುಧವಾರ ಡಬ್ಬಿ ತೆರೆಯುವುದು ಹೊಸ ಕಥೆಯೇನಲ್ಲ. ಹಾಗೆ ಹೆಚ್ಚು ನೆನೆದ, ಇಲ್ಲವೇ ಹತ್ತು ವರ್ಷ ಕಪಾಟಿನಲ್ಲಿದ್ದ ಬ್ಲಾಕಿನ ಡಿಎನ್‌ಎ ನುಚ್ಚಾಗಿರುತ್ತದೆ. ಸಿ ಅಕ್ಷರವೊಂದು ಟಿ ಆಗಿ ಓದಿಸಿಕೊಳ್ಳುವ ಹುಸಿ ಬದಲಾವಣೆಗಳೂ ಅದರಲ್ಲಿ ತುಂಬಿರುತ್ತವೆ. ಮೂಳೆಯ ಬಯಾಪ್ಸಿಯಾದರೆ ಸುಣ್ಣಾಂಶ ಕರಗಿಸಲು ನೈಟ್ರಿಕ್ ಆ್ಯಸಿಡ್‌ನಲ್ಲಿ ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ಸೂಕ್ಷ್ಮದರ್ಶಕಕ್ಕೆ ಅದು ನಡೆಯುತ್ತದೆ, ಜೀನ್ ಓದಲು ನಡೆಯದು. ಇಡಿಟಿಎ ದ್ರಾವಣದಲ್ಲಿ ನಿಧಾನಕ್ಕೆ ಕರಗಿಸಿ ಎಂದು ಚೀಟಿಯ ಮೇಲೆಯೇ ಬರೆದು ಕಳಿಸಬೇಕು. ಒಂದೆರಡು ದಿನ ತಡವಾದರೆ ಆಗಲಿ. ರಿಪೇರಿ ಜೀನ್ ಕೆಟ್ಟ ಗಡ್ಡೆಗೆ ಕೊಡುವ ಓಲಾಪರಿಬ್ ಔಷಧಕ್ಕೆ ಮನ್ನಣೆ ತಂದುಕೊಟ್ಟ ದೊಡ್ಡ ಪ್ರಯೋಗದಲ್ಲೇ 4,047 ಮಂದಿಯ ಗಡ್ಡೆ ಪರೀಕ್ಷಿಸಿದರೆ ಫಲಿತಾಂಶ ಸಿಕ್ಕಿದ್ದು 2,792 ಮಂದಿಯದ್ದು, ಅಂದರೆ 69 ಶೇಕಡಾ. ‘ಮಾದರಿ ಸಾಲದು’ ಎಂದು ವಾಪಸ್ ಬಂದರೆ ಗಾಬರಿ ಬೇಡ, ಆದರೆ ಅದನ್ನು ‘ದೋಷ ಇಲ್ಲ’ ಎಂದು ಓದಲೂಬೇಡಿ.

ಬ್ಲಾಕ್ ಕೈಕೊಟ್ಟಾಗ ಉಳಿಯುವುದು ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ. ಇದಕ್ಕೆ ಬಿಳಿ ರಕ್ತಕಣ ಒಡೆಯದಂತೆ ಕಾಪಾಡುವ ವಿಶೇಷ ಟ್ಯೂಬ್ ಬೇಕು, ಸಾಮಾನ್ಯವಾಗಿ 10 ಮಿಲಿಲೀಟರಿನ ಎರಡು. ತುಂಬಿದ ಮೇಲೆ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು, ಐಸ್ ಮೇಲೆ ಇಡಬಾರದು. ಆದರೆ ಈ ಪರೀಕ್ಷೆ ನಿಂತಿರುವುದು ಟ್ಯೂಬಿಗಿಂತ ಹೆಚ್ಚಾಗಿ ದಿನದ ಮೇಲೆ. ಗಂಡು ಹಾರ್ಮೋನ್ ತಗ್ಗಿಸುವ ಹಾರ್ಮೋನ್ ಇಂಜೆಕ್ಷನ್ ಶುರುವಾಗಿ ಪಿಎಸ್‌ಎ (ಪ್ರಾಸ್ಟೇಟ್ ಸ್ರವಿಸುವ, ರಕ್ತದಲ್ಲಿ ಅಳೆಯುವ ಪ್ರೊಟೀನ್) ಇಳಿಯುತ್ತಿರುವಾಗ ರಕ್ತ ತೆಗೆದರೆ ಅದರಲ್ಲಿ ಗಡ್ಡೆಯ ಡಿಎನ್‌ಎ ಎಷ್ಟೋ ಸಲ ಸಿಗುವುದೇ ಇಲ್ಲ. ಚಿಕಿತ್ಸೆಗೆ ಮೊದಲು ತೆಗೆಯಬೇಕು, ಇಲ್ಲವೇ ಪಿಎಸ್‌ಎ ಮತ್ತೆ ಏರತೊಡಗಿದಾಗ, ಮುಂದಿನ ಔಷಧ ಶುರುಮಾಡುವ ಮೊದಲು.

ವರದಿ ಬಂದ ಮೇಲೆ ಎಲ್ಲರ ಕಣ್ಣು ಮೊದಲ ಪುಟದ ಕೆಂಪಕ್ಷರಕ್ಕೆ ಹೋಗುತ್ತದೆ. ನಾವು ಮೊದಲು ಹುಡುಕುವುದು ಶೇಕಡಾವಾರು. ಆ ಜಾಗ ಓದಿದ ಒಟ್ಟು ಸಲಗಳಲ್ಲಿ ಎಷ್ಟು ಸಲ ದೋಷ ಕಂಡಿತು ಎಂಬ ಲೆಕ್ಕ ಅದು. ಹುಟ್ಟಿನಿಂದ ಬಂದದ್ದಾದರೆ ರಕ್ತದಲ್ಲಿ ಸುಮಾರು 50 ಶೇಕಡಾ. ಗಡ್ಡೆಯಲ್ಲಿ ಲೆಕ್ಕ ಬಿಗಡಾಯಿಸುತ್ತದೆ. 60 ಶೇಕಡಾ ಕ್ಯಾನ್ಸರ್ ಇರುವ ಮಾದರಿ ಎಂದಿಟ್ಟುಕೊಳ್ಳಿ. ಹುಟ್ಟಿನಿಂದ ಬಂದ ದೋಷವಿದ್ದು ಗಡ್ಡೆಯಲ್ಲಿ ಒಳ್ಳೆಯ ಪ್ರತಿಯೂ ಕಳೆದುಹೋಗಿದ್ದರೆ 71 ಶೇಕಡಾ ಬರುತ್ತದೆ. ಗಡ್ಡೆಯಲ್ಲೇ ಹುಟ್ಟಿದ ದೋಷ, ಒಳ್ಳೆಯ ಪ್ರತಿ ಉಳಿದಿದೆ ಎಂದರೆ 30. ಗಡ್ಡೆಯಲ್ಲೇ ಹುಟ್ಟಿ, ಒಳ್ಳೆಯ ಪ್ರತಿ ಹೋಗಿದ್ದರೆ 43. ಈ 43 ನೋಡಿ ‘50ಕ್ಕೆ ಹತ್ತಿರ ಇದೆ, ವಂಶದ್ದೇ’ ಎಂದು ಮಕ್ಕಳನ್ನೆಲ್ಲ ಕರೆಸಿ ಹೆದರಿಸಿದರೆ ಅದು ತಪ್ಪು ಓದು. ರಕ್ತದ ಜೊತೆ ಹೋಲಿಸದೆ ಈ ಮಾತು ಆಡಬಾರದು.

ತೇಲುವ ಡಿಎನ್‌ಎಯಲ್ಲಿ ಇನ್ನೊಂದು ಗುಂಡಿ ಇದೆ. ವಯಸ್ಸಾದವರ ಮಜ್ಜೆಯಲ್ಲಿ ರಕ್ತಕೋಶಗಳ ಕೆಲವು ಸಂತತಿಗಳು ತಮ್ಮದೇ ದೋಷ ಹೊತ್ತು ಬೆಳೆದಿರುತ್ತವೆ. ಎಟಿಎಂ, ಚೆಕ್2 ಜೀನ್‌ಗಳಲ್ಲಿ 3 ಅಥವಾ 4 ಶೇಕಡಾ ಕಂಡರೆ ಅದು ಪ್ರಾಸ್ಟೇಟಿನದ್ದೇ ಆಗಬೇಕಿಲ್ಲ. ಅದೇ ಟ್ಯೂಬಿನ ಬಿಳಿ ಕಣಗಳನ್ನೂ ಓದಿ ನೋಡಿದರೆ ಬಯಲಾಗುತ್ತದೆ. ಓದಿಲ್ಲ ಎಂದರೆ ವರದಿ ಬರೆದವರಿಗೆ ಫೋನ್ ಮಾಡಿ ಕೇಳುವುದು ನಮ್ಮ ಪದ್ಧತಿ. ರಕ್ತಕೋಶದ ದೋಷ ನಂಬಿ ಪ್ರಾಸ್ಟೇಟಿಗೆ ಔಷಧ ಕೊಟ್ಟರೆ ಔಷಧದ ತೊಂದರೆಯೊಂದೇ ಸಿಗುತ್ತದೆ.

ಈ ದೋಷಗಳು ರೋಗವನ್ನು ಮುಂದೆ ತಳ್ಳುವ ಬಗೆ ಒಂದೊಂದರದು ಒಂದೊಂದು. ಬಿಆರ್‌ಸಿಎ2 ಎಂದರೆ ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಇನ್ನೊಂದು ಪ್ರತಿಯನ್ನು ನೋಡಿಕೊಂಡು ತಪ್ಪಿಲ್ಲದೆ ಜೋಡಿಸುವ ವ್ಯವಸ್ಥೆಯ ಭಾಗ. ಅದು ಹೋದರೆ ಜೋಡಣೆ ಅಂದಾಜಿನದ್ದಾಗುತ್ತದೆ, ಹೊಸ ದೋಷಗಳು ಬೇಗ ಬೇಗ ಸೇರುತ್ತವೆ. ಇದರ ಜೊತೆಗೆ ಜಾಗದ ವಿಷಯವೂ ಇದೆ. 13ನೇ ಕ್ರೋಮೋಸೋಮಿನಲ್ಲಿ ಬಿಆರ್‌ಸಿಎ2ನಿಂದ ಸುಮಾರು 1.6 ಕೋಟಿ ಅಕ್ಷರ ದಾಟಿದರೆ ಆರ್‌ಬಿ1 ಸಿಗುತ್ತದೆ; ಕೋಶ ವಿಭಜನೆಗೆ ಬ್ರೇಕ್ ಹಾಕುವ ಜೀನ್ ಅದು. ಒಂದೇ ತುಂಡು ಕಿತ್ತುಹೋದರೆ ಎರಡೂ ಹೋಗುತ್ತವೆ. ಅಂಥ ಗಡ್ಡೆ ಹಾರ್ಮೋನ್ ಚಿಕಿತ್ಸೆಗೆ ಬಗ್ಗುವುದು ಕಡಿಮೆ. ಆರ್‌ಬಿ1 ಜೊತೆ ಟಿಪಿ53 ಎಂಬ ಇನ್ನೊಂದು ಕಾವಲು ಜೀನ್ ಕೂಡ ಹೋಗಿದ್ದರೆ ಪಿಎಸ್‌ಎಯನ್ನು ನೆಚ್ಚಬೇಡಿ: ಪಿಎಸ್‌ಎ ಕಡಿಮೆಯೇ ಇದ್ದು ಯಕೃತ್ತಿನಲ್ಲಿ ಗಡ್ಡೆ ಬೆಳೆಯುತ್ತಿರುವುದುಂಟು. ಸ್ಕ್ಯಾನ್ ಬೇಗ ಬೇಗ ಬೇಕು.

ಆ್ಯಂಡ್ರೊಜನ್ ರಿಸೆಪ್ಟರ್‌ನ, ಅಂದರೆ ಕೋಶದಲ್ಲಿ ಗಂಡು ಹಾರ್ಮೋನ್ ಬಂದು ಕೂರುವ ಬೀಗದ, ಕಥೆ ಬೇರೆ. ಬಿಆರ್‌ಸಿಎ2 ದೋಷ ಹೆಚ್ಚಾಗಿ ರೋಗದ ಬುಡದಲ್ಲೇ ಇರುತ್ತದೆ, ಹಾಗಾಗಿ ಅದಕ್ಕೆ ಮೊದಲ ಬಯಾಪ್ಸಿಯ ಬ್ಲಾಕ್ ಸಾಕು. ರಿಸೆಪ್ಟರ್‌ನ ಬದಲಾವಣೆ ಹುಟ್ಟುವುದು ಚಿಕಿತ್ಸೆಯ ಒತ್ತಡದಲ್ಲಿ. ಐದು ವರ್ಷ ಹಿಂದಿನ ಬ್ಲಾಕಿನಲ್ಲಿ ಅದನ್ನು ಹುಡುಕುವುದು ಈ ವರ್ಷದ ಬೆಳೆಯನ್ನು ಆ ವರ್ಷದ ಪಹಣಿಯಲ್ಲಿ ಹುಡುಕಿದಂತೆ. ಡಬ್ಲ್ಯೂ742ಸಿ ಎಂಬ ಬದಲಾವಣೆ ಆದರೆ ತಡೆಯಬೇಕಾದ ಬೈಕಲುಟಮೈಡ್ ಮಾತ್ರೆಯೇ ಬೀಗ ತೆರೆಯುವ ಕೀಲಿಯಾಗುತ್ತದೆ. ಎಲ್702ಎಚ್ ಆದರೆ ರಿಸೆಪ್ಟರ್ ಸ್ಟೀರಾಯ್ಡ್‌ಗೂ ಓಗೊಡುತ್ತದೆ, ಗಂಡು ಹಾರ್ಮೋನಿನ ತಯಾರಿ ತಡೆಯುವ ಅಬಿರಟೆರೋನ್ ಜೊತೆ ಕೊಡುವ ಪ್ರೆಡ್ನಿಸೊಲೋನ್ ಅಂಥದ್ದೇ ಸ್ಟೀರಾಯ್ಡ್. ಇದನ್ನು ಓದಿ ಪ್ರೆಡ್ನಿಸೊಲೋನ್ ತಾವಾಗಿಯೇ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಿದರೆ ರಕ್ತದೊತ್ತಡ ಏರುತ್ತದೆ, ಪೊಟಾಶಿಯಂ ಕುಸಿಯುತ್ತದೆ. ಬದಲಾಯಿಸಬೇಕಾದರೆ ವೈದ್ಯರೇ ಬದಲಾಯಿಸಬೇಕು.

ಎಚ್‌ಎಸ್‌ಡಿ3ಬಿ1 ಎಂಬ ಇನ್ನೊಂದು ಹೆಸರು ಕೆಲವು ವರದಿಗಳಲ್ಲಿ ಬರುತ್ತದೆ. ಇದು ದೋಷವೆನ್ನುವಂಥದ್ದಲ್ಲ, ಜನರಲ್ಲಿ ಸಾಮಾನ್ಯವಾಗಿರುವ ವ್ಯತ್ಯಾಸ. 1245ನೇ ಜಾಗದಲ್ಲಿ ಎ ಬದಲು ಸಿ ಇದ್ದವರಲ್ಲಿ ಈ ಜೀನ್ ತಯಾರಿಸುವ ಕಿಣ್ವ ಬೇಗ ಸವೆಯುವುದಿಲ್ಲ, ಅಡ್ರಿನಲ್ ಗ್ರಂಥಿಯ ಕಚ್ಚಾಮಾಲಿನಿಂದ ಗಂಡು ಹಾರ್ಮೋನ್ ತಯಾರಾಗುತ್ತಲೇ ಇರುತ್ತದೆ. ಹಾರ್ಮೋನ್ ಇಂಜೆಕ್ಷನ್ ಕೆಲವರಲ್ಲಿ ಬೇಗ ಸೋಲುವುದಕ್ಕೆ ಇದೂ ಒಂದು ಕಾರಣವೆಂದು ಕಂಡಿದೆ. ಆದರೆ ಇದೊಂದನ್ನೇ ನೋಡಿ ಔಷಧ ಆರಿಸುವ ಹಂತಕ್ಕೆ ಬಂದಿಲ್ಲ; ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿದ್ದೆ ಕೆಡಿಸುವುದು ‘ಮಹತ್ವ ತಿಳಿಯದ ವೇರಿಯಂಟ್’ ಎಂಬ ಸಾಲು. ಐದು ದರ್ಜೆಗಳ ನಡುವಿನದು ಇದು: ಈ ಅಕ್ಷರ ಬದಲಾಗಿದೆ, ಕೆಡುಕೋ ಅಲ್ಲವೋ ಹೇಳಲು ಪುರಾವೆ ಸಾಲದು. ನಮ್ಮವರ ವರದಿಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಹೋಲಿಸಿ ನೋಡುವ ದತ್ತಾಂಶ ಸಂಗ್ರಹಗಳು ಬಹುಕಾಲ ಯುರೋಪ್ ಮೂಲದವರ ಜೀನ್‌ಗಳಿಂದಲೇ ತುಂಬಿದ್ದವು. ಅಲ್ಲಿ ಕಾಣದ ಬದಲಾವಣೆ ಇಲ್ಲಿ ಯಾವುದೋ ಸಮುದಾಯದಲ್ಲಿ ನೂರಕ್ಕೆ ಎರಡು ಮೂರು ಮಂದಿ ಆರೋಗ್ಯವಂತರಲ್ಲಿ ಇದ್ದರೆ ಅದು ಅಪರಾಧಿಯಾಗಿರುವ ಸಂಭವ ತೀರಾ ಕಡಿಮೆ. ಆದರೆ ಆ ಎಣಿಕೆ ಯಾರಾದರೂ ಮಾಡಿರಬೇಕಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ಸಂಯೋಜಿಸಿದ ಜೀನೋಮ್ ಇಂಡಿಯಾ ಯೋಜನೆ 83 ಸಮುದಾಯಗಳ ಸುಮಾರು 10,000 ಮಂದಿಯ ಜೀನೋಮ್ ಓದಿದೆ, 2025ರ ಜನವರಿಯಿಂದ ಆ ದತ್ತಾಂಶ ಸಂಶೋಧಕರಿಗೆ ತೆರೆದಿದೆ. ಇಂಥ ಎಣಿಕೆಯಿಂದ ‘ತಿಳಿಯದ’ ಪಟ್ಟಿ ಕರಗುತ್ತಾ ಹೋಗಬೇಕು. ಅಲ್ಲಿಯವರೆಗೆ ಈ ಸಾಲು ನೋಡಿ ಔಷಧ ಬದಲಿಸಬಾರದು, ಮಕ್ಕಳ ರಕ್ತ ತೆಗೆಸಬಾರದು. ವರ್ಷಕ್ಕೊಮ್ಮೆ ಲ್ಯಾಬಿಗೆ ಬರೆದು, ದರ್ಜೆ ಬದಲಾಗಿದೆಯೇ ಎಂದು ಕೇಳಿದರೆ ಸಾಕು.

ಬಿಆರ್‌ಸಿಎ2 ಖಚಿತವಾದವರಿಗೆ ಓಲಾಪರಿಬ್ 300 ಮಿಲಿಗ್ರಾಂ ದಿನಕ್ಕೆರಡು ಸಲ, ಹಾರ್ಮೋನ್ ಇಂಜೆಕ್ಷನ್ ಮುಂದುವರಿಸಿಕೊಂಡೇ. ಮೊದಲು ಕಾಡುವುದು ರಕ್ತಹೀನತೆ. ತಿಂಗಳಿಗೊಮ್ಮೆ ರಕ್ತದ ಎಣಿಕೆ ತಪ್ಪಿಸಬಾರದು. ಒಂದಷ್ಟು ಕಾಲ ಕೆಲಸ ಮಾಡಿದ ಔಷಧ ಆಮೇಲೆ ಕೈಬಿಡುವುದು ಹೇಗೆಂದು ಮನೆಯವರು ಕೇಳಿದಾಗ ನಾವು ಹಾಳೆಯ ಮೇಲೆ ಮೂರಕ್ಷರದ ಪದಗಳನ್ನು ಬರೆದು ತೋರಿಸುತ್ತೇವೆ. ಕೋಶವೂ ಜೀನನ್ನು ಮೂರು ಮೂರು ಅಕ್ಷರವಾಗಿಯೇ ಓದುತ್ತದೆ.

ಕಮಲ ಹವಳ ಪದಕ ಸರಳ.

ಇದರಲ್ಲಿ ‘ಲ’ ಬಿದ್ದುಹೋಯಿತು. ಮೂರು ಮೂರಾಗಿ ಓದಿದರೆ: ಕಮಹ ವಳಪ ದಕಸ ರಳ. ಅರ್ಥವಿಲ್ಲ, ಹುಟ್ಟಿನಿಂದ ಬಂದ ದೋಷ ಎಂದರೆ ಇದು. ಔಷಧದ ಹೊಡೆತಕ್ಕೆ ಸಾಯದೆ ಉಳಿದ ಒಂದು ಕೋಶದಲ್ಲಿ ಇನ್ನೆರಡು ಅಕ್ಷರ, ‘ಹವ’, ಬಿದ್ದುಹೋಗುತ್ತದೆ. ಈಗ ಓದಿ: ಕಮಳ ಪದಕ ಸರಳ. ಒಂದು ಪದ ಹೋಯಿತು, ಒಂದು ವಕ್ರವಾಯಿತು, ಉಳಿದದ್ದು ಸರಿಹೋಯಿತು. ಬಿಆರ್‌ಸಿಎ2 ಮತ್ತೆ ರಿಪೇರಿ ಮಾಡತೊಡಗುತ್ತದೆ, ಔಷಧ ಸೋಲುತ್ತದೆ. ಪಿಎಸ್‌ಎ ಏರಿದಾಗ ತೇಲುವ ಡಿಎನ್‌ಎಯಲ್ಲಿ ಹುಡುಕುವುದು ಈ ಎರಡನೆಯ ಅಳಿಸುವಿಕೆಯನ್ನು. ಅದು ಸಿಕ್ಕರೆ ಅದೇ ಗುಂಪಿನ ಇನ್ನೊಂದು ಮಾತ್ರೆಗೆ ದುಡ್ಡು ಹಾಕುವ ಮೊದಲು ಹತ್ತು ಸಲ ಯೋಚಿಸಬೇಕು.

ವಂಶದ ದೋಷವಾದರೆ ಇನ್ನೊಂದು ಕೆಲಸ ಉಳಿದಿರುತ್ತದೆ. ಮಕ್ಕಳಿಗೆ, ಒಡಹುಟ್ಟಿದವರಿಗೆ ತಲಾ 50 ಶೇಕಡಾ ಸಾಧ್ಯತೆ, ಹೆಣ್ಣು ಗಂಡೆಂಬ ಭೇದವಿಲ್ಲ. ‘ಇದು ಗಂಡಸರ ಕಾಯಿಲೆ, ಮದುವೆಯಾಗಿ ಹೋದ ಮಗಳಿಗೆ ಯಾಕೆ?’ ಎಂದು ಕೇಳುವವರಿಗೆ ಮನೆತನದ ನಕ್ಷೆಯನ್ನೇ ತಿರುಗಿಸಿ ಅಜ್ಜಿಯ ಹೊಟ್ಟೆಯ ಗಡ್ಡೆ ತೋರಿಸುತ್ತೇವೆ. ಮಗನಲ್ಲಿ ಕಂಡರೆ 40ರಿಂದ ಪಿಎಸ್‌ಎ, ಮಗಳಲ್ಲಿ ಕಂಡರೆ ಸ್ತನದ ಎಂಆರ್‌ಐ ಮತ್ತು ಅಂಡಾಶಯದ ವಿಚಾರ. 18 ತುಂಬದವರಿಗೆ ಈ ಪರೀಕ್ಷೆ ಮಾಡುವುದಿಲ್ಲ. ಪರೀಕ್ಷೆಗೆ ಬರುವವರು ವರದಿಯ ಪೂರ್ತಿ ಪ್ರತಿ ತರಬೇಕು, ‘ಅಪ್ಪನಿಗೆ ಬಿಆರ್‌ಸಿಎ ಇತ್ತು’ ಎಂಬ ಮಾತು ಸಾಲದು. ಸಿ ಚುಕ್ಕೆ, ಪಿ ಚುಕ್ಕೆ ಎಂದು ಶುರುವಾಗುವ ಸಾಲು ಅಕ್ಷರಕ್ಕಕ್ಷರ ಬೇಕು. ಅದಿದ್ದರೆ ಆ ಒಂದು ಜಾಗ ಓದಿದರೆ ಮುಗಿಯಿತು, ಖರ್ಚೂ ಕಡಿಮೆ. ಇಲ್ಲದಿದ್ದರೆ ಜೀನ್‌ಗಳ ಇಡೀ ಪಟ್ಟಿ ಓದಬೇಕು, ಜೊತೆಗೆ ಹೊಸದೊಂದು ‘ತಿಳಿಯದ ವೇರಿಯಂಟ್’ ಗಂಟುಬೀಳಬಹುದು. ಅಪ್ಪ ತೀರಿಹೋಗಿ ವರದಿ ಕಳೆದಿದ್ದರೆ, ಬ್ಲಾಕ್ ಇಟ್ಟಿರುವ ಪೆಥಾಲಜಿ ವಿಭಾಗದಲ್ಲಿ ಬಯಾಪ್ಸಿ ಸಂಖ್ಯೆ ಕೊಟ್ಟು ವಿಚಾರಿಸಿ. ಆ ಸಂಖ್ಯೆ ಹಿಸ್ಟೋಪೆಥಾಲಜಿ ವರದಿಯ ತಲೆಭಾಗದಲ್ಲಿ, ಸಾಮಾನ್ಯವಾಗಿ ಹೆಸರು, ವಯಸ್ಸಿನ ಆಸುಪಾಸಿನಲ್ಲೇ ಇರುತ್ತದೆ.